‘ಪ್ರಾಯ ಆಯ್ತಲ್ಲ’ ಅಂದರೆ ನಂಬಿ ಸುಮ್ಮನಾಗಬೇಡಿ

ಅಪ್ಪನಿಗೆ 78. ಬದಿಯಡ್ಕ ಹತ್ತಿರ ಮನೆ. ಅಂಗಳದ ಪಾಚಿಗೆ ಜಾರಿ ಸೊಂಟದ ಮೂಳೆ ಮುರಿಯಿತು. ಕಾಸರಗೋಡಿನ ಒಂದು ಆಸ್ಪತ್ರೆಯಲ್ಲಿ ಆಪರೇಷನ್. ಅದು ಚೆನ್ನಾಗಿಯೇ ಆಯಿತು, ಅದರ ಬಗ್ಗೆ ದೂರಿಲ್ಲ.

ಎರಡನೇ ರಾತ್ರಿ ಅಪ್ಪ ಡ್ರಿಪ್ ಕಿತ್ತು ಹಾಕಿದರು. “ಪಂಪು ಆಫ್ ಮಾಡು, ಕೆರೆ ಬತ್ತುತ್ತದೆ” ಎಂದು ಕೂಗಾಟ. ನನ್ನನ್ನೇ ಯಾರು ಎಂದು ಕೇಳಿದರು. ಬಿದ್ದ ದಿನ ಬೆಳಿಗ್ಗೆ ಪೇಪರ್ ಓದಿ ಅಡಿಕೆ ರೇಟು ಹೇಳಿದ ಮನುಷ್ಯ! ಡಾಕ್ಟರ್ ಬಂದು ಮಲಯಾಳದಲ್ಲಿ ಎರಡು ಪ್ರಶ್ನೆ ಕೇಳಿದರು. ಅಪ್ಪನಿಗೆ ಮಲಯಾಳ ಅಷ್ಟಕ್ಕಷ್ಟೇ. ಕಿವಿಯ ಮೆಷಿನ್ ಬೇರೆ ಡ್ರಾಯರಿನಲ್ಲಿತ್ತು. ಉತ್ತರ ಬರಲಿಲ್ಲ.

“ಪ್ರಾಯಮಾಯಿಲ್ಲೇ, ಮರೆವಿನ ಕಾಯಿಲೆ” ಅಂದರು.

ಒಂದೇ ರಾತ್ರಿಯಲ್ಲಿ ಬರುತ್ತದಾ ಸಾರ್ ಎಂದೆ. “ಮೊದಲೇ ಇತ್ತು, ನಿಮಗೆ ಗೊತ್ತಾಗಿಲ್ಲ.” ಅಷ್ಟು ಗಟ್ಟಿಯಾಗಿ ಹೇಳಿದರೆ ಯಾರಾದರೂ ನಂಬುತ್ತಾರೆ, ಅಲ್ವಾ? ಎರಡೂ ಕೈಯನ್ನು ಬ್ಯಾಂಡೇಜು ಬಟ್ಟೆಯಿಂದ ಮಂಚಕ್ಕೆ ಕಟ್ಟಿದರು. ನಿದ್ದೆ ಇಂಜೆಕ್ಷನ್ ಕೊಟ್ಟರು. ಸಹಿ ಹಾಕಿದ್ದು ನಾನೇ.

ಮರುದಿನ ಅಪ್ಪ ಮಾತಿಲ್ಲದೆ ಬಿದ್ದುಕೊಂಡಿದ್ದರು. “ನೋಡಿ, ಈಗ ಶಾಂತ ಆದರು” ಅಂದರು ಡಾಕ್ಟರ್. ನಾನು ಥ್ಯಾಂಕ್ಸ್ ಹೇಳಿದೆ. ಥ್ಯಾಂಕ್ಸ್! ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಹಾಗೆ ಮಂಕಾಗಿ ಬಿದ್ದಿರುವುದೂ ರಾತ್ರಿ ಕೂಗಾಡಿಸಿದ ಅದೇ ತೊಂದರೆಯಂತೆ, ಗಲಾಟೆ ಇಲ್ಲದ ಕಾರಣ ಯಾರ ಗಮನಕ್ಕೂ ಬರುವುದಿಲ್ಲ.

ಸಂಜೆ ಡ್ಯೂಟಿಗೆ ಬಂದ ಚಿಕ್ಕ ಪ್ರಾಯದ ಡಾಕ್ಟರಮ್ಮ ಅಪ್ಪನ ಕಿಬ್ಬೊಟ್ಟೆ ಒತ್ತಿ ನೋಡಿದರು. ಮೂತ್ರ ಕಟ್ಟಿಕೊಂಡಿತ್ತು! ಮೂತ್ರದ ಟ್ಯೂಬು ತೆಗೆದ ಮೇಲೆ ಮೂತ್ರ ಹೋಗಿದೆಯಾ ಎಂದು ಯಾರೂ ನೋಡಿರಲಿಲ್ಲ. ಮತ್ತೆ ಟ್ಯೂಬು ಹಾಕಿದಾಗ ಒಂದು ಲೀಟರಿಗಿಂತ ಜಾಸ್ತಿ ಬಂತು. ಇದು ಮರೆವಿನ ಕಾಯಿಲೆ ಅಲ್ಲ, ಡೆಲಿರಿಯಂ, ಅಂದರೆ ದೇಹದ ಬೇರೆ ತೊಂದರೆಯಿಂದ ಇದ್ದಕ್ಕಿದ್ದಂತೆ ಬುದ್ಧಿ ಗೊಂದಲವಾಗುವುದು ಎಂದು ಹೇಳಿದ್ದೂ ಅವರೇ. ಸೋಂಕು, ನೋವು, ಮಲಬದ್ಧತೆ, ಸೋಡಿಯಂ ಇಳಿಯುವುದು, ಯಾವುದರಿಂದಲೂ ಆಗಬಹುದು. ಕೆಲವು ನಿದ್ದೆ ಔಷಧಿಯಿಂದ ಇನ್ನೂ ಜೋರಾಗಬಹುದು. ಕಟ್ಟು ಬಿಚ್ಚಿಸಿದರು, ಮೆಷಿನ್ ಕಿವಿಗೆ ಇಟ್ಟರು. ಎರಡು ದಿನಕ್ಕೆ ಅಪ್ಪ “ಚಾ ಉಂಟಾ?” ಅಂದರು. ಮಣಿಗಂಟಿನಲ್ಲಿ ಕೆಂಪು ಗೆರೆ ಹಾಗೇ ಇತ್ತು.

ಇಷ್ಟಾದರೂ ಡಿಸ್ಚಾರ್ಜ್ ಚೀಟಿಯಲ್ಲಿ ‘ಡಿಮೆನ್ಷಿಯಾ’, ಅದೇ ಮರೆವಿನ ಕಾಯಿಲೆ! ಕೇಳಿದರೆ ದೊಡ್ಡ ಡಾಕ್ಟರ್, “ಸರಿಯಾದರಲ್ಲ, ಮತ್ತೆಂತ ಬೇಕು ನಿಮಗೆ?”

ಆಸ್ಪತ್ರೆಯಲ್ಲಿ ಹಿರಿಯರು ಇದ್ದಕ್ಕಿದ್ದಂತೆ ಬದಲಾದರೆ “ಡೆಲಿರಿಯಂ ಇರಬಹುದಾ, ಕಾರಣ ಹುಡುಕಿದ್ದೀರಾ” ಎಂದು ಬಾಯಿಬಿಟ್ಟು ಕೇಳಿ. ಮೂತ್ರ ಹೋಗಿದೆಯಾ ಕೇಳಿ. ಕನ್ನಡಕ, ಕಿವಿ ಮೆಷಿನ್ ಹಾಕಿಸಿ. ರಾತ್ರಿ ಮನೆಯವರೊಬ್ಬರು ಹತ್ತಿರ ಕೂತು ಅವರ ಭಾಷೆಯಲ್ಲೇ ಮಾತಾಡಿ. ಕೈ ಕಟ್ಟಲು ನನ್ನ ಹಾಗೆ ಸಹಿ ಹಾಕಬೇಡಿ.

ಆ ಚೀಟಿ ತಿದ್ದಿಸಲು ಮೂರು ಸಲ ಹೋಗಿ ಬಂದೆ. ಸೋಮವಾರ ಮತ್ತೆ ಹೋಗುತ್ತೇನೆ.