ಮೂರು ಮಳೆಗಾಲ ಕಂಡ ನನ್ನ 8×42 ಬೈನಾಕ್ಯುಲರ್

ಕೊಡಗಿನ ಪಾಲಿಬೆಟ್ಟದ ಹತ್ತಿರದ ಕಾಫಿ ತೋಟವೊಂದರಲ್ಲಿ ನಾನು ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವನು. ಮೂರು ವರ್ಷದ ಹಿಂದೆ ಹುತ್ತರಿ ಹಬ್ಬದ ಸಮಯದಲ್ಲಿ, ಹಕ್ಕಿ ನೋಡುವುದಕ್ಕೆ ಅಂತ 14 ಸಾವಿರ ಕೊಟ್ಟು ಇದನ್ನು ತಗೊಂಡೆ. ನನ್ನ ಸಂಬಳಕ್ಕೆ ಅದು ಸಣ್ಣ ದುಡ್ಡಲ್ಲ. ತೂಕ, ಅಳತೆ ಎಲ್ಲ ಡಬ್ಬದ ಮೇಲೇ ಇರುತ್ತದೆ, ಬಿಡಿ. 8 ಅಂದರೆ ಎಂಟು ಪಟ್ಟು ಹತ್ತಿರ, 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಇನ್ನೂ ಹತ್ತಿರ ತೋರಿಸುವ 10× ಬಿಟ್ಟು 8× ತಗೊಂಡಿದ್ದು ಒಳ್ಳೆಯದಾಯಿತು. ನೆರಳು ಮರದಡಿ ಬೆಳಿಗ್ಗೆ ಏಳಕ್ಕೂ ಮಬ್ಬು, ಅಲ್ಲಿ ಬೆಳಕೇ ಮುಖ್ಯ, ಅಷ್ಟೇ ಅಗಲದ ಗಾಜಿನಲ್ಲಿ 8× ಹೆಚ್ಚು ಬೆಳಕಾಗಿ ತೋರಿಸುತ್ತದೆ.

ಆರೂವರೆಗೆ ಬೆಲ್ಲದ ಕಾಫಿ ಕುಡಿದು, ಕೊರಳಿಗೆ ಹಾಕಿಕೊಂಡು ಹೊರಡುತ್ತೇನೆ. ಕೊಯ್ಲಿನವರು ಬರುವ ತನಕ ಒಂದು ಗಂಟೆ ನನ್ನದು. ಮೊದಲ ಚಳಿಗಾಲದಲ್ಲೇ ಮೆಣಸಿನ ಬಳ್ಳಿಯ ಬುಡದಲ್ಲಿ ಕಾಡು ಸಿಪಿಲೆ ಅನ್ನುವ ಪುಟ್ಟ ಹಕ್ಕಿ ಸಿಕ್ಕಿತು. ಎರಡೇ ಮೀಟರ್ ದೂರ, ಆದರೂ ಫೋಕಸ್ ಆಯಿತು! ಬೇರೆ ಸಿಪಿಲೆಗಳು ಬಾಲವನ್ನು ಮೇಲೆ ಕೆಳಗೆ ಆಡಿಸುತ್ತವೆ, ಇದು ಅಕ್ಕಪಕ್ಕ ಆಡಿಸುತ್ತದೆ, ಜೊತೆಗೆ ಇಡೀ ಮೈಯೂ ಓಲಾಡುತ್ತದೆ. ಎದೆಯ ಮೇಲಿನ ಎರಡು ಕಪ್ಪು ಪಟ್ಟಿ, ಕೊಕ್ಕಿಗೆ ಅಂಟಿದ ಮಣ್ಣು ಎಲ್ಲ ಕಂಡಿತು. ಪೂರ್ವ ಏಷ್ಯಾದಲ್ಲಿ ಮರಿ ಮಾಡುವ ಹಕ್ಕಿ ನಮ್ಮ ತೋಟದ ತರಗೆಲೆ ಕೆದಕುತ್ತಿತ್ತು. ಅವತ್ತೇ ದುಡ್ಡು ವಸೂಲಾಯಿತು ಅನ್ನಿಸಿತು.

ಬೇಜಾರಾಗಿದ್ದು ಕಳೆದ ಜನವರಿಯಲ್ಲಿ. ಹಾಲವಾಣದ ಕೊಂಬೆಯಲ್ಲಿ ಪುಟ್ಟದೊಂದು ನೊಣಹಿಡುಕ ಕೂತಿತ್ತು. ಕತ್ತು, ಎದೆ ಕೆಂಪು. ಎದುರು ಬಿಸಿಲು. ನೋಡಿದರೆ ಎಲ್ಲ ಹಾಲು ಹಾಲು. ತಿರುಗಿಸಿದೆ, ಒರೆಸಿದೆ, ಏನೂ ಸರಿಹೋಗಲಿಲ್ಲ, ಹಕ್ಕಿ ಹಾರಿತು. ಸಂಜೆ ಹಕ್ಕಿ ನೋಡುವ ಗೆಳೆಯರಿಗೆ ಹೇಳಿದಾಗ ಎಲ್ಲರದೂ ಒಂದೇ ಪ್ರಶ್ನೆ: ‘ಕೆಂಪಿನ ಸುತ್ತ ಕಪ್ಪು ಅಂಚು ಇತ್ತಾ?’ ಇದ್ದರೆ ಕಾಶ್ಮೀರದ ನೊಣಹಿಡುಕ. ಕಾಶ್ಮೀರದ ಕಡೆ ಮರಿ ಮಾಡಿ, ಚಳಿಗೆ ನೀಲಗಿರಿ, ಶ್ರೀಲಂಕಾಗಳಿಗೆ ಬರುವ ಅಪರೂಪದ್ದು. ಇಲ್ಲದಿದ್ದರೆ ಕೆಂಪೆದೆಯ ನೊಣಹಿಡುಕ. ನಾನು ಹೌದು ಅನ್ನಲಿಲ್ಲ. ಕಾಣದ್ದನ್ನು ಕಂಡೆ ಅಂತ ಹೇಗೆ ಹೇಳಲಿ?

ರಾತ್ರಿ ಟಾರ್ಚ್ ಬೆಳಕು ಹಾಯಿಸಿ ನೋಡಿದರೆ ಒಳಗಿನ ಗಾಜಿನ ಮೇಲೆ ಜೇಡರ ಬಲೆಯಂಥ ಎಳೆಗಳು. ಫಂಗಸ್! ವಾಟರ್‌ಪ್ರೂಫ್ ಅಂತ ಮೈಮೇಲೇ ಬರೆದಿದೆ. ಸರ್ವಿಸ್ ಸೆಂಟರಿನವರು ಐದು ವಾರ ಇಟ್ಟುಕೊಂಡು, ‘ಫಂಗಸ್ ವಾರಂಟಿಗೆ ಬರಲ್ಲ ಸರ್’ ಅಂತ ಹಾಗೇ ವಾಪಸ್ ಕಳಿಸಿದರು. ಅಷ್ಟರಲ್ಲಿ ಚಳಿಗಾಲದ ಹಕ್ಕಿ ನೋಡುವ ದಿನಗಳೇ ಮುಗಿಯುತ್ತಾ ಬಂದಿದ್ದವು. ಆ ಸಿಟ್ಟು ಇನ್ನೂ ಇಳಿದಿಲ್ಲ. ಕೊನೆಗೆ ಮೈಸೂರಿನಲ್ಲಿ ಕ್ಯಾಮೆರಾ ರಿಪೇರಿ ಮಾಡುವವರೊಬ್ಬರು 1,800 ರೂಪಾಯಿಗೆ ಬಿಚ್ಚಿ ಕ್ಲೀನ್ ಮಾಡಿಕೊಟ್ಟರು. ಈಗ ಹೊಸದರಷ್ಟೇ ಚೆನ್ನಾಗಿದೆ.

ತಪ್ಪು ನನ್ನದೂ ಇತ್ತು. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಬೀರುವಿನೊಳಗಿನ ಬಟ್ಟೆಗೇ ಬೂಸ್ಟು ಹಿಡಿಯುವ ಊರು ಇದು, ನಾನು ಬಟ್ಟೆ ಚೀಲದಲ್ಲೇ ಇಟ್ಟಿದ್ದೆ. ಈಗ ಗಾಳಿಯಾಡದ ಡಬ್ಬ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಕಾಳು. ಒಣಗಿರುವಾಗ ಕಾಳು ನೀಲಿ, ತೇವ ಕುಡಿದರೆ ಗುಲಾಬಿ. ಭಾನುವಾರ ಸಣ್ಣ ಉರಿಯಲ್ಲಿ ಬಾಣಲೆಗೆ ಹಾಕಿ ಕೈಯಾಡಿಸಿದರೆ ಒಂದೊಂದೇ ಕಾಳು ಮತ್ತೆ ನೀಲಿಗೆ ತಿರುಗುತ್ತದೆ. ಅದನ್ನು ನೋಡುವುದೇ ಚೆಂದ. ಆ ನೀಲಿ ಕೋಬಾಲ್ಟಿನದು, ಹೊಟ್ಟೆಗೆ ಹೋಗಬಾರದು. ಹಾಗಾಗಿ ಅದಕ್ಕೇ ಅಂತ ಹಳೇ ಬಾಣಲೆ ಎತ್ತಿಟ್ಟಿದ್ದೇನೆ. ಈ ವರ್ಷದ ಮಳೆಗಾಲ ಕಲೆಯಿಲ್ಲದೆ ಕಳೆಯಿತು.

ಬಯಲುಸೀಮೆಯವರು ಯೋಚನೆ ಮಾಡದೆ ತಗೊಳ್ಳಿ. ಕೊಡಗು, ಮಲೆನಾಡಿನವರು ಡಬ್ಬವನ್ನೂ ಅವತ್ತೇ ತಗೊಳ್ಳಿ, 300 ರೂಪಾಯಿ ಜಾಸ್ತಿ ಆಗಬಹುದು ಅಷ್ಟೇ. ಕಾಡು ಸಿಪಿಲೆ ಈ ಸಲವೂ ಬಂದಿದೆ. ಕೆಂಪು ಕತ್ತಿನದು ಇನ್ನೂ ಕಂಡಿಲ್ಲ. ಆ ಹಾಲವಾಣದ ಹತ್ತಿರ ದಿನಾ ಹತ್ತು ನಿಮಿಷ ನಿಲ್ಲುತ್ತಿದ್ದೇನೆ, ಬಿಸಿಲು ಬೆನ್ನಿಗೆ ಬೀಳುವ ಕಡೆಯಲ್ಲಿ.