ದ್ಯುಶಾಂ ಪ್ರಶಸ್ತಿ ಪ್ರದರ್ಶನ 2025: ಉಪ್ಪು, ದೂಳು, ಹಸಿರು

ಫ್ರಾನ್ಸಿನ ಇವತ್ತಿನ ಕಲೆಯನ್ನು ಒಂದೇ ಸುತ್ತಿನಲ್ಲಿ ನೋಡಬೇಕೆನ್ನುವವರಿಗೆ ಕಲಾವಿದ ಮಾರ್ಸೆಲ್ ದ್ಯುಶಾಂ ಹೆಸರಿನ ಪ್ರಶಸ್ತಿಯ ವಾರ್ಷಿಕ ಪ್ರದರ್ಶನಕ್ಕಿಂತ ಒಳ್ಳೆಯ ದಾರಿಯಿಲ್ಲ. ಕಲಾ ಸಂಗ್ರಾಹಕರ ಸಂಘವೊಂದು 2000ದಲ್ಲಿ ಶುರುಮಾಡಿದ ಪ್ರಶಸ್ತಿಯಿದು. ವರ್ಷಕ್ಕೆ ನಾಲ್ವರ ಆಯ್ಕೆ, ಗೆದ್ದವರಿಗೆ 35,000 ಯೂರೊ. ಸಾಮಾನ್ಯವಾಗಿ ಪ್ರದರ್ಶನ ನಡೆಯುತ್ತಿದ್ದ ಪ್ಯಾರಿಸ್‌ನ ಪೊಂಪಿದು ಕಲಾ ಕೇಂದ್ರ ನವೀಕರಣಕ್ಕಾಗಿ ಮುಚ್ಚಿದ್ದರಿಂದ 2025ರ ಪ್ರದರ್ಶನ ಪ್ಯಾರಿಸ್ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ನಡೆಯಿತು. ಆಯ್ಕೆಯಾದವರು ಬಿಯಾಂಕಾ ಬೊಂಡಿ, ಈವಾ ನೀಲ್ಸನ್, ಲಿಯೊನೆಲ್ ಸಬಾತೆ, ಶಿಯೆ ಲೇ. ಪ್ರಶಸ್ತಿ ಶಿಯೆ ಲೇ ಅವರಿಗೆ ಬಂತು. ಬೊಂಡಿ ಹುಟ್ಟಿದ್ದು ಜೊಹಾನ್ಸ್‌ಬರ್ಗ್‌ನಲ್ಲಿ, ಶಿಯೆ ಲೇ ಚೀನಾದಲ್ಲಿ. ಫ್ರಾನ್ಸಿನಲ್ಲಿ ನೆಲೆಸಿ ಕೆಲಸ ಮಾಡುವವರೂ ಈ ಪ್ರಶಸ್ತಿಗೆ ಅರ್ಹರು, ಅದು ಸರಿಯಾದ ನಿಯಮವೇ.

ಇದನ್ನು ಸಮೂಹ ಪ್ರದರ್ಶನ ಎಂದರೂ ನಾಲ್ವರನ್ನು ಹೆಣೆಯುವ ವಿಷಯವೊಂದಿಲ್ಲ. ಅದನ್ನು ಹುಡುಕುತ್ತಾ ಹೋದವರಿಗೆ ನಿರಾಸೆಯಾಗುತ್ತದೆ. ಯಾರು ಯಾವ ವಸ್ತುವನ್ನು ಹೇಗೆ ಪಳಗಿಸಿದ್ದಾರೆ ಎಂದು ನೋಡಿದರೆ ಮಾತ್ರ ಕೋಣೆಗಳು ಬಾಯಿಬಿಡುತ್ತವೆ.

ಬೊಂಡಿ ಅವರ ಮುಖ್ಯ ವಸ್ತು ಉಪ್ಪು. ಉಪ್ಪುನೀರು ಆರುತ್ತಾ ಹೋದಂತೆ ಹರಳುಗಳು ಅಂಚಿನಿಂದ ಮೇಲಕ್ಕೆ ಹತ್ತುತ್ತವೆ, ಪಕ್ಕದಲ್ಲಿ ತಾಮ್ರವಿದ್ದರೆ ನೀಲಿ ಹಸಿರು ಕಿಲುಬು ಕಟ್ಟುತ್ತದೆ. ಬಣ್ಣವನ್ನು ಯಾರೂ ಹಚ್ಚಿರುವುದಿಲ್ಲ, ಅದು ತಾನಾಗಿ ಹುಟ್ಟುತ್ತದೆ. ಅಪಾಯವೂ ಅಲ್ಲೇ ಇದೆ. ಗಾಳಿಯ ತೇವಾಂಶ ಶೇ. 75 ದಾಟಿದರೆ ಉಪ್ಪು ನೀರೊಡೆಯುತ್ತದೆ, ಹರಳಿನ ಅಂಚು ಕರಗಿ ಮೊಂಡಾಗುತ್ತದೆ. ಇಂಥ ಕೃತಿಯ ಮುಂದೆ ಬಗ್ಗಿ, ಹರಳು ಮತ್ತು ವಸ್ತು ಸೇರುವ ಗೆರೆಯನ್ನು ನೋಡಬೇಕು. ದೂರದಿಂದ ಅದು ಬರೀ ಬಿಳಿ ಹೊದಿಕೆ.

ನೀಲ್ಸನ್ ಬಣ್ಣದ ಮೇಲೆ ಸಿಲ್ಕ್‌ಸ್ಕ್ರೀನ್ ಮುದ್ರೆ, ಅಂದರೆ ಜಾಲರಿಯ ಮೂಲಕ ಶಾಯಿ ಇಳಿಸುವ ಮುದ್ರೆ, ಒತ್ತುತ್ತಾರೆ. ನಾಲ್ಕೈದು ಮೀಟರ್ ಆಚೆಯಿಂದ ಕಾಂಕ್ರೀಟ್ ಚೌಕಟ್ಟಿನ ಹಿಂದೆ ಭೂದೃಶ್ಯವೊಂದು ಕಾಣುತ್ತದೆ. ಮೊಳದಷ್ಟು ಹತ್ತಿರ ಬಂದರೆ ಆ ಕಾಂಕ್ರೀಟು ಚುಕ್ಕೆಗಳಾಗಿ ಒಡೆಯುತ್ತದೆ. ಜಾಲರಿಯಲ್ಲಿ ಶಾಯಿ ಸರಿಯಾಗಿ ಇಳಿಯದ ಕಡೆ ಚುಕ್ಕೆ ತೆಳುವಾಗಿದೆ, ಒತ್ತಡ ಹೆಚ್ಚಾದ ಕಡೆ ಕೂಡಿಕೊಂಡು ಕಪ್ಪು ಮಚ್ಚೆಯಾಗಿದೆ. ಮುದ್ರಣಾಲಯದಲ್ಲಿ ಇದನ್ನು ದೋಷವೆಂದು ಹರಿದು ಹಾಕುತ್ತಾರೆ. ಇಲ್ಲಿ ಗೋಡೆಗೆ ವಯಸ್ಸು ಬಂದಂತೆ ಕಾಣುವುದು ಅದರಿಂದಲೇ.

ಸಬಾತೆ ಅವರ ಕೆಲಸ ತಿಳಿಯಲು ಅವರ ಹಳೆಯ ಶಿಲ್ಪವಾದ ತೋಳಗಳ ಹಿಂಡು ನೆನಪಿರಲಿ: ಪ್ಯಾರಿಸ್‌ನ ಶಾತ್ಲೆ ಮೆಟ್ರೊ ನಿಲ್ದಾಣದಲ್ಲಿ ಗುಡಿಸಿ ತಂದ ದೂಳಿನಿಂದ ಮಾಡಿದ್ದು. ಸಾವಿರಾರು ಜನರ ಕೂದಲು, ಬಟ್ಟೆಯ ನೂಲು ಅದರ ಮೈಯಲ್ಲಿದೆ.

ಶಿಯೆ ಲೇ ಅವರ ದೊಡ್ಡ ಕ್ಯಾನ್ವಾಸ್‌ಗಳಲ್ಲಿ ಹಸಿರು ಬೆಳಕಿನೊಳಗೆ ದೇಹಗಳು ಬೀಳುತ್ತಿವೆ, ಅಥವಾ ತೇಲುತ್ತಿವೆ. ಎರಡರಲ್ಲಿ ಯಾವುದೆಂದು ಕೊನೆಗೂ ಬಿಟ್ಟುಕೊಡುವುದಿಲ್ಲ. ಹೆಚ್ಚುಕಡಿಮೆ ಒಂದೇ ಬಣ್ಣದಲ್ಲಿ ಇಷ್ಟು ದೊಡ್ಡ ಚಿತ್ರ ಬರೆದರೆ ಸಪ್ಪೆಯಾಗುವುದೇ ಹೆಚ್ಚು. ಇಲ್ಲಿ ಹಾಗಾಗಿಲ್ಲ, ಏಕೆಂದರೆ ಅಂಚುಗಳು ಎಲ್ಲೂ ಗಟ್ಟಿಯಾಗಿಲ್ಲ, ಮೈ ಮುಗಿದು ಹಿನ್ನೆಲೆ ಶುರುವಾಗುವ ಜಾಗ ಸಿಗುವುದೇ ಇಲ್ಲ. ತೀರ್ಪುಗಾರರ ಆಯ್ಕೆ ಸರಿಯಿದೆ. ಫೋಟೊದಲ್ಲಿ ಈ ಹಸಿರು ಸತ್ತುಹೋಗುತ್ತದೆ. ಕಣ್ಣು ಹೊಂದಿಕೊಳ್ಳಲು ಎರಡು ಮೂರು ನಿಮಿಷ ಸುಮ್ಮನೆ ನಿಂತರೆ ಕತ್ತಲಿನೊಳಗಿನ ಪದರಗಳು ಒಂದೊಂದಾಗಿ ಮೇಲೆ ಬರುತ್ತವೆ.

ಈ ಸಂಗ್ರಹಾಲಯಕ್ಕೆ ಮೆಟ್ರೊ 9ನೇ ಮಾರ್ಗದಲ್ಲಿ ಇಯೆನಾ ಅಥವಾ ಅಲ್ಮಾ-ಮಾರ್ಸೊ ನಿಲ್ದಾಣದಲ್ಲಿ ಇಳಿಯಬೇಕು. ಸೋಮವಾರ ರಜೆ. ಶಾಶ್ವತ ಸಂಗ್ರಹಕ್ಕೆ ಟಿಕೆಟ್ ಇಲ್ಲ, ಚಿತ್ರಕಾರ ರಾವುಲ್ ದ್ಯುಫಿ ವಿದ್ಯುತ್ತನ್ನು ವಿಷಯವಾಗಿಟ್ಟು ಬರೆದ 600 ಚದರ ಮೀಟರಿನ ಚಿತ್ರವೂ ಅದರಲ್ಲೇ ಇದೆ. ಅದನ್ನು ಮೊದಲು ನೋಡಬೇಡಿ. ಅಷ್ಟು ಬಣ್ಣ ಕಣ್ಣಿಗೆ ತುಂಬಿಕೊಂಡ ಮೇಲೆ ಶಿಯೆ ಲೇ ಅವರಂಥವರ ಮಂದ ಹಸಿರು ಹಿಡಿಯುವುದಿಲ್ಲ.