ಬೋರ್ ಟೆಕ್ ಎಲಿಮಿನೇಟರ್ ಮತ್ತು ಸಿ4: .22, .315 ರೈಫಲ್‌ಗಳಲ್ಲಿ ಹಲವು ಮಳೆಗಾಲ ಬಳಸಿದ ಮೇಲೆ

ಇದು ಬೋರ್ ಟೆಕ್ ಕಂಪನಿಯ ಎರಡು ಬಾಟಲಿಗಳ ವಿಮರ್ಶೆ. ತಾಮ್ರ ತೆಗೆಯಲು ಎಲಿಮಿನೇಟರ್, ಮಸಿ ತೆಗೆಯಲು ಸಿ4. ಹುಬ್ಬಳ್ಳಿ-ಧಾರವಾಡದ ಕಡೆ ಗುರಿ ಅಭ್ಯಾಸದ .22 ರೈಫಲ್‌ಗಳಲ್ಲೂ, ಬೆಳೆ ಕಾಯಲು ಲೈಸನ್ಸ್ ಪಡೆದವರ .315 ಬೋಲ್ಟ್ ರೈಫಲ್‌ಗಳಲ್ಲೂ ವರ್ಷಾನುಗಟ್ಟಲೆ ಬಳಸಿ ನೋಡಿದ್ದನ್ನು ಇಲ್ಲಿ ಬರೆದಿದೆ.

ದುಡ್ಡು ಉಳಿಸುವ ಮಾತು ಮೊದಲು. .22 ಒಂದೇ ಇರುವವರಿಗೆ ತಾಮ್ರದ ಬಾಟಲಿ ಬೇಡ. 50 ಮೀಟರ್ ಅಭ್ಯಾಸಕ್ಕೆ ಬಳಸುವ .22 ಗುಂಡು ಬರೀ ಸೀಸ, ಮೇಲೆ ಮೇಣದಂಥ ಲೇಪ. ತಾಮ್ರವೇ ಇಲ್ಲದ ಬ್ಯಾರಲ್‌ಗೆ ತಾಮ್ರದ ಮದ್ದು ಹಾಕಿ ಫಲವಿಲ್ಲ. ತಾಮ್ರ ಲೇಪಿಸಿದ .22 ಗುಂಡುಗಳೂ ಇವೆ, ಆದರೆ ಆ ಲೇಪ ತೀರ ತೆಳು. .22ರ ನಿಜವಾದ ಕಾಟ ಚೇಂಬರಿನ, ಅಂದರೆ ಕಾರ್ಟ್ರಿಜ್ ಕೂರುವ ಗೂಡಿನ, ಮುಂದೆ ಕಟ್ಟುವ ಮಸಿಯ ಉಂಗುರ. ಅದಕ್ಕೆ ಸಿ4 ಸಾಕು. .315 ಅಥವಾ .30-06 ಇದ್ದವರಿಗೆ ಎರಡೂ ಬೇಕು. ಆ ಗುಂಡುಗಳ ಹೊದಿಕೆ ಸಾಮಾನ್ಯವಾಗಿ ಗಿಲ್ಡಿಂಗ್ ಮೆಟಲ್, ಅಂದರೆ ನೂರಕ್ಕೆ 90ರಿಂದ 95 ಭಾಗ ತಾಮ್ರ, ಉಳಿದದ್ದು ಸತು. ಬಿಸಿ ಬ್ಯಾರಲ್‌ನಲ್ಲಿ ಅದು ಉಜ್ಜಿಕೊಂಡು ಹೋಗುವಾಗ ಲ್ಯಾಂಡ್‌ಗಳ, ಅಂದರೆ ಬ್ಯಾರಲ್ ಒಳಗಿನ ಸುರುಳಿ ಏಣುಗಳ, ಮೇಲೆ ಬಳಿದಂತೆ ಅಂಟುತ್ತದೆ. ಒಳಮೈ ನುಣುಪಾಗಿ ಲ್ಯಾಪ್ ಮಾಡದ ಕಾರ್ಖಾನೆ ಬ್ಯಾರಲ್ ಆದರೆ ಇನ್ನೂ ಬೇಗ ಅಂಟುತ್ತದೆ.

ತಾಮ್ರ ಹೋಗುತ್ತಿಲ್ಲ ಎಂಬ ದೂರು ಬಹಳ ಕೇಳಿಬರುತ್ತದೆ. ಹೆಚ್ಚಿನ ಸಲ ಅಲ್ಲಿ ತೊಡಕು ಮಾಡುವುದು ಮಸಿ. ಪ್ರತಿ ಗುಂಡಿಗೂ ಒಂದು ಪದರ ಮಸಿ, ಅದರ ಮೇಲೆ ತಾಮ್ರ, ಮತ್ತೆ ಮಸಿ, ಹೀಗೆ ಪದರದ ಮೇಲೆ ಪದರ ಕೂರುತ್ತದೆ. ತಾಮ್ರದ ದ್ರಾವಣಕ್ಕೆ ಮಸಿ ಕರಗುವುದಿಲ್ಲ, ಮಸಿಯ ಕೆಳಗಿನ ತಾಮ್ರ ಅದಕ್ಕೆ ಮುಟ್ಟುವುದೂ ಇಲ್ಲ. ದ್ರಾವಣ ಹಚ್ಚಿ ಬ್ಯಾರಲ್ ಒಳಗೆ ತಳ್ಳಿದ ಅರಿವೆ ಚಿಂದಿಗಳಲ್ಲಿ ನಾಲ್ಕು ಕರಗಿದ ತಾಮ್ರದಿಂದ ನೀಲಿ ಬಂದು ಐದನೆಯದು ಬೆಳ್ಳಗೆ ಬಂದರೆ ಸ್ವಚ್ಛವಾಯಿತು ಎಂದು ರೈಫಲ್ ಎತ್ತಿಡುತ್ತಾರೆ. ಒಳಗೆ ಅರ್ಧ ತಾಮ್ರ ಹಾಗೇ ಇರುತ್ತದೆ. ಆದ್ದರಿಂದ ಮೊದಲು ಸಿ4, ಆಮೇಲೆ ಎಲಿಮಿನೇಟರ್, ನಡುವೆ ಒಣ ಚಿಂದಿ. ಎಲಿಮಿನೇಟರ್ ಮಸಿಯನ್ನೂ ತೆಗೆಯುತ್ತದೆ ಎಂದು ಕಂಪನಿ ಹೇಳುತ್ತದೆ. ಅವತ್ತೇ ಹಾರಿಸಿದ ಹಸಿ ಮಸಿಗೆ ಅದು ಸರಿ, ಕಟ್ಟಿ ಗಟ್ಟಿಯಾದದ್ದಕ್ಕೆ ಸಾಲದು.

ಬಳಸುವ ಕ್ರಮ ಹೀಗಿದೆ. ಮ್ಯಾಗಜೀನ್ ತೆಗೆದು, ಚೇಂಬರ್ ಖಾಲಿ ಇದೆಯೆಂದು ಕಣ್ಣಲ್ಲೂ ಬೆರಳಲ್ಲೂ ನೋಡಿ, ಬೋಲ್ಟ್ ಹೊರಗೆ ಎಳೆಯಿರಿ. ರೈಫಲ್ಲನ್ನು ಸ್ಟ್ಯಾಂಡಿನ ಮೇಲೆ ಬಾಯಿ ತುಸು ಕೆಳಗೆ ಇರುವಂತೆ ಮಲಗಿಸಿ. ಬಾಯಿ ಮೇಲಾದರೆ ದ್ರಾವಣ ಹಿಂದೆ ಹರಿದು ಟ್ರಿಗರ್‌ಗೂ, ರೈಫಲ್ಲಿನ ಲೋಹದ ಭಾಗ ಕೂರುವ ಕಟ್ಟಿಗೆಯ ಬೆಡ್ಡಿಂಗ್‌ಗೂ ಇಳಿಯುತ್ತದೆ. ಬೋಲ್ಟ್ ಇದ್ದ ಜಾಗಕ್ಕೆ ಬೋರ್ ಗೈಡ್, ಅಂದರೆ ರಾಡ್ ನೇರ ಹೋಗುವಂತೆ ಹಿಡಿಯುವ ಕೊಳವೆ, ತೂರಿಸಿ. ರಾಡ್ ಒಂದೇ ತುಂಡಿನದಿರಲಿ, ಕಾರ್ಬನ್ ಫೈಬರ್ ಅಥವಾ ಪ್ಲಾಸ್ಟಿಕ್ ಹೊದಿಕೆಯ ಉಕ್ಕು. ಮೂರು ತುಂಡು ಜೋಡಿಸುವ ಅಲ್ಯೂಮಿನಿಯಂ ರಾಡ್ ಬಾಗುತ್ತದೆ, ಅದರ ಮೆತ್ತನೆಯ ಮೈಗೆ ಕಣ ಕಚ್ಚಿಕೊಳ್ಳುತ್ತದೆ, ಆಮೇಲೆ ಅದೇ ಅರದ ಕೆಲಸ ಮಾಡುತ್ತದೆ. ಗುಂಡಿನಿಂದ ಸವೆದ ಬ್ಯಾರಲ್‌ಗಿಂತ ಕೆಟ್ಟ ರಾಡ್‌ನಿಂದ ಕೆಟ್ಟ ಬ್ಯಾರಲ್‌ಗಳೇ ನಮ್ಮ ಕಡೆ ಹೆಚ್ಚು.

ಸಿ4 ಒದ್ದೆ ಮಾಡಿದ ಎರಡು ಚಿಂದಿ ಚೇಂಬರ್ ಕಡೆಯಿಂದ ಬಾಯಿಯ ಕಡೆಗೆ ತಳ್ಳಿ. ಬಾಯಿ ದಾಟಿದ ಕೂಡಲೆ ಚಿಂದಿ ಬಿಡಿಸಿ ರಾಡ್ ಹಿಂದೆಳೆಯಿರಿ. ಕೊಳೆ ಚಿಂದಿಯನ್ನು ಅದೇ ದಾರಿಯಲ್ಲಿ ವಾಪಸ್ ತರಬಾರದು. ನಂತರ ನೈಲಾನ್ ಬ್ರಷ್ ಮೇಲೆ ಹತ್ತಿಪ್ಪತ್ತು ಹನಿ ಬಿಟ್ಟು, ಅಂದರೆ ಒಂದು ಮಿಲಿ ಒಳಗೆ, ಹದಿನೈದು ಸಲ ಪೂರ್ತಿ ಹೋಗಿ ಬರುವಂತೆ ಉಜ್ಜಿ. ಬ್ರಷ್ಷನ್ನು ಬಾಟಲಿಯಲ್ಲಿ ಅದ್ದಬೇಡಿ, ಇಡೀ ಬಾಟಲಿ ಹೊಲಸಾಗುತ್ತದೆ. ಬ್ರಷ್ ಬಾಯಿ ದಾಟುವ ಮೊದಲು ನಡುವಲ್ಲಿ ದಿಕ್ಕು ಬದಲಿಸಬೇಡಿ, ಎಳೆಗಳು ಬಾಗಿ ಸಿಕ್ಕಿಕೊಳ್ಳುತ್ತವೆ. ಹತ್ತು ಹದಿನೈದು ನಿಮಿಷ ಬಿಟ್ಟು ಚಿಂದಿ ತಳ್ಳಿದರೆ ಡಾಂಬರಿನಂಥ ಕರಿ ಬರುತ್ತದೆ. ಕರಿ ಹೋಗಿ ಬೂದು ಬಣ್ಣ ಬರುವವರೆಗೆ ಇದನ್ನೇ ಮಾಡಿ, ಒಣಗಿಸಿ, ಆಮೇಲೆ ಎಲಿಮಿನೇಟರ್‌ಗೆ ಹೋಗಿ.

ಎಲಿಮಿನೇಟರ್‌ನಲ್ಲಿ ಅಮೋನಿಯಾ ಇಲ್ಲ, ಮೂಗು ಉರಿಯುವ ವಾಸನೆಯಿಲ್ಲ. ಮನೆಯ ಒಳಗೆ, ಮಳೆಗಾಲದಲ್ಲಿ ಕಿಟಕಿ ಮುಚ್ಚಿಕೊಂಡು ಕೆಲಸ ಮಾಡುವವರಿಗೆ ಇದೊಂದೇ ಕಾರಣ ಸಾಕು. ಅಮೋನಿಯಾದ ದ್ರಾವಣಗಳು ಇದಕ್ಕಿಂತ ಚುರುಕು, ಅದರಲ್ಲಿ ಅನುಮಾನವಿಲ್ಲ. ಆದರೆ ನೂರಕ್ಕೆ 5 ಭಾಗ ಅಮೋನಿಯಾ ಇರುವ ಸ್ವೀಟ್ಸ್ 7.62 ಎಂಬ ದ್ರಾವಣವನ್ನು 15 ನಿಮಿಷಕ್ಕಿಂತ ಹೆಚ್ಚು ಬಿಡಬಾರದು, ಬೇರೆ ದ್ರಾವಣದ ಜೊತೆ ಬೆರೆಸಬಾರದು, ಒಳಗೆ ಒಣಗಲು ಬಿಟ್ಟರೆ ಉಕ್ಕಿಗೇ ಕುತ್ತು. ಮುಚ್ಚಳ ಸಡಿಲಾದರೆ ಗದಗಿನ ಏಪ್ರಿಲ್ ಬಿಸಿಲಿಗೆ ಅಮೋನಿಯಾ ಹಾರಿ ಹೋಗಿ, ಬಾಟಲಿ ತುಂಬ ಇದ್ದರೂ ಕಸುವು ಇರುವುದಿಲ್ಲ. 1903ರಿಂದ ಇರುವ ಹಾಪೀಸ್ ನಂಬರ್ 9 ದ್ರಾವಣ ಮಸಿಗೆ ಒಳ್ಳೆಯದು, ತಾಮ್ರಕ್ಕೆ ಬಹಳ ನಿಧಾನ.

ಎಲಿಮಿನೇಟರ್ ಹಾಕಿ ಉಜ್ಜಿದ ಮೇಲೆ ಹತ್ತು ನಿಮಿಷ ಬಿಡಿ. ಡಿಸೆಂಬರಿನ ಧಾರವಾಡದ ಬೆಳಗಿನ ಚಳಿಯಲ್ಲಿ ಇಪ್ಪತ್ತು ನಿಮಿಷ ಬೇಕಾಗುತ್ತದೆ. ಚಿಂದಿ ಮೇಲೆ ಬರುವ ನೀಲಿಯೇ ಕರಗಿದ ತಾಮ್ರ. ಅಮೋನಿಯಾದ ದ್ರಾವಣದಲ್ಲಿ ತಾಮ್ರ ಕರಗಲು ಗಾಳಿಯ ಆಮ್ಲಜನಕವೂ ಬೇಕು, ಹಾಗಾಗಿ ಬ್ಯಾರಲ್ಲಿಗೆ ಬಿರಡೆ ಹಾಕಿ ದ್ರಾವಣ ತುಂಬಿಸಿಡುವುದಕ್ಕಿಂತ ತೆಳ್ಳಗೆ ಸವರಿ ಮತ್ತೆ ಮತ್ತೆ ಹೊಸದು ಹಾಕುವುದು ಮೇಲು. ಎಲಿಮಿನೇಟರ್‌ಗೂ ಅದೇ ಪದ್ಧತಿ ಹೊಂದುತ್ತದೆ. ಒಂದು ಪೂರ್ತಿ ಸ್ವಚ್ಛತೆಗೆ ಮೂರ್ನಾಲ್ಕು ಮಿಲಿ ಖರ್ಚು. 4 ಔನ್ಸಿನ, ಅಂದರೆ ಸುಮಾರು 118 ಮಿಲಿಯ ಬಾಟಲಿ ಮೂವತ್ತು ಸಲಕ್ಕೆ ಸಾಕು. ಬೆಲೆ ಕೇಳಿ ಹೌಹಾರುವವರು ಈ ಲೆಕ್ಕ ಹಾಕಿ ನೋಡಬೇಕು.

ಇಲ್ಲಿ ಎಲ್ಲರೂ ಬೀಳುವ ಗುಂಡಿಯೊಂದಿದೆ: ಸುಳ್ಳು ನೀಲಿ. ರಾಡ್ ತುದಿಯಲ್ಲಿ ಚಿಂದಿ ಹಿಡಿಯುವ ಹಿತ್ತಾಳೆಯ ಜ್ಯಾಗ್, ಕಂಚಿನ ಬ್ರಷ್ ಎರಡರಲ್ಲೂ ತಾಮ್ರವಿದೆ. ದ್ರಾವಣ ಅವುಗಳನ್ನೇ ಕರಗಿಸಿ ಚಿಂದಿಯನ್ನು ನೀಲಿ ಮಾಡುತ್ತದೆ. ಬ್ಯಾರಲ್ ಸ್ವಚ್ಛವಾಗಿದ್ದರೂ ನೀಲಿ ನಿಲ್ಲುವುದಿಲ್ಲ, ಬಾಟಲಿ ಮುಗಿಯುತ್ತದೆ. ಪರೀಕ್ಷೆ ಸುಲಭ. ಒದ್ದೆ ಚಿಂದಿಯನ್ನು ಜ್ಯಾಗಿಗೆ ಸುತ್ತಿ ಬ್ಯಾರಲ್‌ಗೆ ಹಾಕದೆ ಹತ್ತು ನಿಮಿಷ ಹಾಗೇ ಇಡಿ. ನೀಲಿಯಾದರೆ ಜ್ಯಾಗಿನದೇ ತಪ್ಪು. ನಿಕಲ್ ಲೇಪದ ಜ್ಯಾಗ್ ಅಥವಾ ಪ್ಲಾಸ್ಟಿಕ್ ಜ್ಯಾಗ್, ನೈಲಾನ್ ಬ್ರಷ್ ಇಟ್ಟುಕೊಳ್ಳಿ. ಕಂಚಿನ ಬ್ರಷ್ ಬೇಕೆಂದರೆ ಮಸಿಯ ಹಂತಕ್ಕೆ ಮಾತ್ರ ಬಳಸಿ.

ಕೊನೆಗೆ ನಂಬಬೇಕಾದದ್ದು ಕಣ್ಣನ್ನು. ಬ್ಯಾರಲ್ ಪೂರ್ತಿ ಒಣಗಿಸಿ ಬಾಯಿಯ ಕಡೆಯಿಂದ ಓರೆಯಾಗಿ ಟಾರ್ಚ್ ಬಿಟ್ಟರೆ ಲ್ಯಾಂಡ್‌ಗಳ ಅಂಚಿನಲ್ಲಿ ಕೆಂಚು ಗೆರೆ ಕಾಣುತ್ತದೆ. ಇನ್ನೂ ಒಳಗೆ ನೋಡಲು ಫೋನಿಗೆ ಜೋಡಿಸುವ 5 ಮಿಮೀ ದಪ್ಪದ ಬೋರ್‌ಸ್ಕೋಪ್ .22ರ ಒಳಗೂ ಹೋಗುತ್ತದೆ. ನಾಲ್ಕಾರು ಜನ ಸೇರಿ ಒಂದು ತೆಗೆದುಕೊಂಡರೆ ಸಾಕು. ಅದು ಬಂದ ಮೇಲೆ ಬಾಟಲಿಗಳ ಬಗೆಗಿನ ಅರ್ಧ ಜಗಳ ಮುಗಿಯುತ್ತದೆ.

ಮಸಿಯ ಉಂಗುರಕ್ಕೆ ಬರೋಣ. ಚೇಂಬರ್ ಮುಗಿದು ರೈಫ್ಲಿಂಗ್, ಅಂದರೆ ಬ್ಯಾರಲ್ ಒಳಗಿನ ಸುರುಳಿ ಕೊರೆತ, ಶುರುವಾಗುವಲ್ಲಿ ಮಸಿ ಗಾಜಿನಂತೆ ಗಟ್ಟಿಯಾಗಿ ಕೂರುತ್ತದೆ. .22ರಲ್ಲಿ ಪ್ರೈಮರಿನ, ಅಂದರೆ ಕಾರ್ಟ್ರಿಜ್ ಹೊತ್ತಿಸುವ ಮದ್ದಿನ, ಗಾಜಿನ ಪುಡಿಯೂ ಅದರಲ್ಲಿ ಸೇರಿರುತ್ತದೆ. ಕಾರ್ಟ್ರಿಜ್ ತೂರಿಸುವಾಗ ಕೊನೆಯಲ್ಲಿ ಬಿಗಿಯಾಗುವುದು, ಗುರಿಯಲ್ಲಿ ಚೆನ್ನಾಗಿ ಕೂರುತ್ತಿದ್ದ ಗುಂಡುಗಳ ಗುಂಪಿನಿಂದ ಕಾರಣವಿಲ್ಲದೆ ಒಂದೊಂದು ಹೊರಗೆ ಬೀಳುವುದು ಇದರ ಗುರುತು. ದೊಡ್ಡ ಬೋರಿನಲ್ಲಿ ಒತ್ತಡ ಏರಿ ಬೋಲ್ಟ್ ಎತ್ತುವುದು ಗಟ್ಟಿಯಾಗಬಹುದು. ಇದನ್ನು ಪೂರ್ತಿ ಕರಗಿಸುವ ದ್ರಾವಣ ಯಾವುದೂ ಇಲ್ಲ, ಸಿ4 ಮೆತ್ತಗೆ ಮಾಡುತ್ತದೆ ಅಷ್ಟೆ. ಸಣ್ಣ ಅಳತೆಯ ಹಳೆ ಬ್ರಷ್ಷಿಗೆ ಚಿಂದಿ ಸುತ್ತಿ, ಸಿ4ನಲ್ಲಿ ನೆನೆಸಿ, ಉಂಗುರದ ಜಾಗದಲ್ಲಿ ಇಪ್ಪತ್ತು ನಿಮಿಷ ಬಿಟ್ಟು, ಕೈಯಿಂದಲೇ ತಿರುಗಿಸಿ. ಬಗ್ಗದಿದ್ದರೆ ಜೆಬಿ ಎಂಬ ತಿಕ್ಕುವ ಪೇಸ್ಟನ್ನು ಎಣ್ಣೆ ಚಿಂದಿಗೆ ತೆಳ್ಳಗೆ ಹಚ್ಚಿ ಚೇಂಬರ್ ಮುಂದಿನ ನಾಲ್ಕು ಬೆರಳು ಜಾಗದಲ್ಲಿ ಮಾತ್ರ ಹತ್ತು ಹದಿನೈದು ಸಲ ಆಡಿಸಿ, ಆಮೇಲೆ ಕಣವೊಂದೂ ಉಳಿಯದಂತೆ ಒರೆಸಿ. ಡ್ರಿಲ್ ಮಷೀನ್ ಹತ್ತಿರ ತರಬೇಡಿ. ಅಭ್ಯಾಸದ .22ಕ್ಕೆ ಪ್ರತಿ ದಿನ ಎರಡು ಚಿಂದಿ, ಇನ್ನೂರು ಮುನ್ನೂರು ಗುಂಡಿಗೊಮ್ಮೆ ಈ ಜಾಗದ ಕೆಲಸ ಇಟ್ಟುಕೊಂಡರೆ ಪೇಸ್ಟಿನವರೆಗೆ ಹೋಗುವ ಪ್ರಸಂಗವೇ ಬರುವುದಿಲ್ಲ.

ಚಿಂದಿಗೆ ಹುಬ್ಬಳ್ಳಿಯ ದುರ್ಗದಬೈಲಿನ ಅರಿವೆ ಅಂಗಡಿಯ ಹತ್ತಿ ಫ್ಲಾನೆಲ್ ಚಲೋ. ಹೊಸ ಅರಿವೆಯ ಗಂಜಿ ಹೋಗುವಂತೆ ಎರಡು ಸಲ ಒಗೆದು ಒಣಗಿಸಿ ಕತ್ತರಿಸಿ. .22ಕ್ಕೆ ಒಂದು ಇಂಚು ಚೌಕ, .315ಕ್ಕೆ ಒಂದೂವರೆ ಇಂಚಿನಿಂದ ಶುರುಮಾಡಿ ಬಿಗಿ ನೋಡಿ ಹೆಚ್ಚು ಕಡಿಮೆ ಮಾಡಿ. ಕತ್ತರಿಸಿದ್ದನ್ನು ಮುಚ್ಚಳದ ಡಬ್ಬಿಯಲ್ಲಿಡಿ. ನಮ್ಮ ಎರೆಹೊಲದ ಧೂಳು ಕುಳಿತ ಚಿಂದಿ ಬ್ಯಾರಲ್ಲನ್ನು ತಿಕ್ಕಿ ಹಾಕುತ್ತದೆ. ಎನ್‌ಸಿಸಿಯಲ್ಲಿ ಕಲಿತ ಪುಲ್‌ಥ್ರೂ, ಅಂದರೆ ಹಗ್ಗ ಕಟ್ಟಿ ಚಿಂದಿ ಎಳೆಯುವುದು, ಅವಸರಕ್ಕೆ ಸರಿ, ಆದರೆ ಹಗ್ಗ ಓರೆಯಾಗಿ ಎಳೆದರೆ ಬಾಯಿಯ ಅಂಚಿನಲ್ಲಿ ತೋಡು ಬೀಳುತ್ತದೆ. ಅಂಚು ಕೆಟ್ಟರೆ ಗುರಿ ಕೆಟ್ಟಿತು.

ಹಳೆಯ ದಾಸ್ತಾನಿನ ಕಾರ್ಟ್ರಿಜ್ ಹಾರಿಸಿದವರಿಗೆ ಒಂದು ಎಚ್ಚರಿಕೆ. ಹಳೆ ಪ್ರೈಮರುಗಳಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇದ್ದರೆ ಉರಿದ ಮೇಲೆ ಉಪ್ಪಿನ ಜಾತಿಯದೇ ಶೇಷ ಉಳಿಯುತ್ತದೆ. ಅದು ಗಾಳಿಯ ತೇವ ಹೀರಿ, ಜೂನ್-ಜುಲೈ ತಿಂಗಳಲ್ಲಾದರೆ ರಾತ್ರಿ ಕಳೆಯುವುದರೊಳಗೆ ಜಂಗು ತರಿಸುತ್ತದೆ. ಎಣ್ಣೆಗಾಗಲಿ ಚಿಮಣಿ ಎಣ್ಣೆಗಾಗಲಿ ಉಪ್ಪು ಕರಗುವುದಿಲ್ಲ. ಅನುಮಾನವಿದ್ದರೆ ಎಲ್ಲಕ್ಕೂ ಮೊದಲು ಅರ್ಧ ಲೀಟರ್ ಕುದಿಯುವ ನೀರನ್ನು ಕೊಳವೆಯ ಲಾಳಿಕೆಯಿಂದ ಚೇಂಬರ್ ಕಡೆಯಿಂದ ಹರಿಸಿ, ಕೂಡಲೆ ಒಣಗಿಸಿ, ಆಮೇಲೆ ಸಿ4.

10 ಮೀಟರ್ ಏರ್ ರೈಫಲ್‌ಗೆ ಈ ಎರಡೂ ಬೇಡ. ದ್ರಾವಣ ಒಳಗಿನ ಸೀಲ್‌ಗಳಿಗೆ ತಾಗಬಹುದು, ಒಣ ಫೆಲ್ಟ್ ಪೆಲೆಟ್ ಸಾಕು. ಕೈಗೆ ನೈಟ್ರೈಲ್ ಗ್ಲೌಸ್ ಇರಲಿ. ಕಟ್ಟಿಗೆಯ ಪಾಲಿಶ್ ಮೇಲೆ ಹನಿ ಬಿದ್ದರೆ ಆಗಲೇ ಒರೆಸಿ. ನೀಲಿ ಚಿಂದಿಗಳನ್ನು ದನಕರು ಮೂಸುವ ತಿಪ್ಪೆಗೆ ಎಸೆಯಬೇಡಿ.

ಬರೀ ಲೋಹ ಕಾಣುವವರೆಗೆ ಪ್ರತಿ ಸಲ ತಾಮ್ರ ಕೀಳುವ ಅಗತ್ಯವಿಲ್ಲ. ಗುರಿ ಸಡಿಲಾದಾಗ, ಇಲ್ಲವೆ ನಲವತ್ತು ಐವತ್ತು ಗುಂಡಿಗೊಮ್ಮೆ ಮಾಡಿದರೆ ಆಯಿತು. ಪೂರ್ತಿ ತೆಗೆದ ಮೇಲೆ ಮೊದಲ ಒಂದೆರಡು ಗುಂಡು ಬೇರೆ ಕಡೆ ಬೀಳುವುದು ಸಹಜ. ರೈಫಲ್ ಬಹುಕಾಲ ಮುಟ್ಟದೆ ಇಡುವಾಗ ಮಾತ್ರ ಪೂರ್ತಿ ತೆಗೆಯಲೇಬೇಕು, ತಾಮ್ರ-ಮಸಿಯ ಪದರದ ಕೆಳಗೆ ತೇವ ಸಿಕ್ಕಿಕೊಂಡು ಗುಳಿ ಬೀಳುತ್ತದೆ. ಚುನಾವಣೆಗೆ ಠಾಣೆಯಲ್ಲಿ ಜಮಾ ಮಾಡಬೇಕಾದವರಿಗೆ ಇದು ನೇರ ಅನ್ವಯ. 2024ರ ಲೋಕಸಭಾ ಚುನಾವಣೆಯಲ್ಲಿ ನೀತಿಸಂಹಿತೆ ಮಾರ್ಚ್ 16ಕ್ಕೆ ಶುರುವಾಗಿ ಜೂನ್ ಮೊದಲ ವಾರದವರೆಗೆ ಇತ್ತು, ಅಷ್ಟರಲ್ಲಿ ಹಾವೇರಿ ಕಡೆ ಮುಂಗಾರಿನ ತೇವ ಬಂದಿರುತ್ತದೆ. ಜಮಾ ಮಾಡುವ ಹಿಂದಿನ ದಿನ ಸಿ4, ಎಲಿಮಿನೇಟರ್ ಎರಡೂ ಮುಗಿಸಿ, ಒಣಗಿಸಿ, ಒಳಗೆ ರೈಫಲ್ ಎಣ್ಣೆಯ ಒಂದು ಚಿಂದಿ ತಳ್ಳಿ. ಬಾಯಿಗೆ ಬಟ್ಟೆ ತುರುಕಬೇಡಿ, ಅದು ತೇವ ಹಿಡಿಯುತ್ತದೆ, ಮರೆತು ಹಾರಿಸಿದರೆ ಬ್ಯಾರಲ್ ಸೀಳುತ್ತದೆ. ಬೋಲ್ಟಿಗೆ ‘ಒಳಗೆ ಎಣ್ಣೆ ಇದೆ, ಒರೆಸಿ ಹಾರಿಸಿ’ ಎಂದು ಚೀಟಿ ಕಟ್ಟಿ.